ಏಳನೇ ಮೆಟ್ಟಿಲು ಮುರಿದ ರಾಣಿ

ಅರಮನೆಯ ಹೆಬ್ಬಾಗಿಲಲ್ಲಿ ಪ್ರವಾಸಿಗರ ಕೊರಳಿಗೆ ಬಿದ್ದು ಕಿವಿಯಲ್ಲಿ ಉಲಿಯುವ ಮಾನ್ಯ ವಿವರಣೆ ಯಂತ್ರದವರೇ,

ಮೂವತ್ತೊಂದು ವರ್ಷಗಳಿಂದ ಇದೇ ಅರಮನೆಯನ್ನು ಬಾಯಲ್ಲೇ ಕಟ್ಟಿ ತೋರಿಸುತ್ತ ಬಂದಿರುವ ಗೈಡ್ ಆದ ನಾನು, ತಮ್ಮ ಬ್ಯಾಟರಿ ಸದಾ ತುಂಬಿರಲೆಂದು ಹಾರೈಸಿ, ಈ ನಾಲ್ಕು ಮಾತು ನಿವೇದಿಸಿಕೊಳ್ಳುತ್ತೇನೆ.

ತಾವು ಬಂದ ಮೇಲೆ ಊರಿಗೇ ಶಿಸ್ತು ಬಂದಿದೆ. ಒಂದನೇ ಗುಂಡಿ ಒತ್ತಿದರೆ ಜನ ತಲೆ ಎತ್ತಿ ಗೋಪುರ ನೋಡುತ್ತಾರೆ, ಎರಡನೆಯದಕ್ಕೆ ಬಾವಿಗೆ ಇಣುಕುತ್ತಾರೆ, ಎದುರಿಗೆ ನಿಂತು ಕೈಬೀಸುವ ನನ್ನನ್ನು ಮಾತ್ರ ಕಂಬವೆಂದುಕೊಂಡು ಬಳಸಿ ಹೋಗುತ್ತಾರೆ. ತಮಗೆ ಕಾಲು ನೋಯುವುದಿಲ್ಲ, ಹಸಿವಾಗುವುದಿಲ್ಲ, ಯಾರದಾದರೂ ಅತ್ತೆ "ಬಾತ್‌ರೂಮ್ ಎಲ್ಲಪ್ಪಾ?" ಎಂದರೆ ಕೇಳಿಸುವುದೂ ಇಲ್ಲ. ಎಂಥ ಪುಣ್ಯವಂತರು!

ಇಷ್ಟನ್ನೂ ಸಹಿಸಿಕೊಂಡೆ. ಆದರೆ ಏಳನೇ ಮೆಟ್ಟಿಲಿನ ವಿಷಯದಲ್ಲಿ ಹೊಟ್ಟೆ ಉರಿಯುತ್ತಿದೆ. ಯುದ್ಧಕ್ಕೆ ಹೊರಟ ರಾಣಿಯ ಕೈಯಿಂದ ಗದೆ ಜಾರಿ ಈ ಮೆಟ್ಟಿಲು ಮುರಿಯಿತೆಂದು ತಾವು ಗಂಭೀರವಾಗಿ ನುಡಿಯುತ್ತೀರಲ್ಲ, ಅದು ಬಿಸಿಲಲ್ಲಿ ಬಸವಳಿದ ಗುಂಪೊಂದನ್ನು ನಗಿಸಲು ನಾನೇ ಹೊಸೆದ ಕಥೆ. ತಮಗೆ ಪಾಠ ಬರೆದುಕೊಟ್ಟ ಅಧಿಕಾರಿಯೂ ಆ ಗುಂಪಿನಲ್ಲೇ ನಿಂತು ಗೀಚಿಕೊಳ್ಳುತ್ತಿದ್ದರೆಂದು ನನಗೇನು ಗೊತ್ತು? ನಿಜವಾಗಿ, ಮದುವೆಯಾದ ಹೊಸತರಲ್ಲಿ ಅರಮನೆ ಹಿಂಬದಿಯ ನೌಕರರ ವಸತಿಗೆ ಸಾಮಾನು ಸಾಗಿಸುವಾಗ ನನ್ನಾಕೆಯ ಕೈಜಾರಿ ಅಲ್ಲಿ ಬಿದ್ದದ್ದು ರುಬ್ಬುಗುಂಡು. ಮೊನ್ನೆ ಈ ಸತ್ಯ ಹೇಳಿದ್ದಕ್ಕೆ ನಿವೃತ್ತ ಮೇಷ್ಟ್ರೊಬ್ಬರು ತಮ್ಮನ್ನು ಕಿವಿಯಿಂದ ಕಿತ್ತು, "ಬಾಯಿಗೆ ಬಂದಿದ್ದು ಹೇಳ್ಬೇಡಿ ರೀ, ಯಂತ್ರ ಸುಳ್ಳು ಹೇಳುತ್ತಾ?" ಎಂದು ಹತ್ತು ಜನರೆದುರು ಗದರಿದರು. ನನ್ನ ಸುಳ್ಳನ್ನು ನಂಬಿಕೊಂಡು ನನ್ನನ್ನೇ ಸುಳ್ಳುಗಾರನೆಂದರೆ ಎಲ್ಲಿಗೆ ಹೋಗಲಿ ಸ್ವಾಮೀ?

ಆದ್ದರಿಂದ ಆ ಕಥೆಯನ್ನು ಅಳಿಸಿ ಆ ಒಂದು ಮೆಟ್ಟಿಲನ್ನಾದರೂ ನನಗೆ ಬಿಟ್ಟುಕೊಡಬೇಕೆಂದೂ, ವಾರಕ್ಕೊಮ್ಮೆ ತಮಗೆ ಗಂಟಲು ಕಟ್ಟಬೇಕೆಂದೂ ಬೇಡುವವನಿದ್ದೆ. ಇಲ್ಲಿಯವರೆಗಿನದನ್ನು ನನ್ನಾಕೆಗೆ ಓದಿ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತದೆ, "ಅಳಿಸೋದೇನೂ ಬೇಡ. ಮೂವತ್ತೊಂದು ವರ್ಷ ಊರಿಗೆಲ್ಲಾ ರಾಣಿ ಕಥೆ ಹೇಳಿದ್ರಿ, ಒಂದಿನ ನನ್ನ ರಾಣಿ ಅಂದ್ರಾ? ಆ ಯಂತ್ರನಾದ್ರೂ ಅನ್ನುತ್ತೆ" ಎಂದಳು. ಮೊದಲನೇ ಬೇಡಿಕೆಯನ್ನು ಹಿಂಪಡೆದಿದ್ದೇನೆ. ಗಂಟಲಿನದು ಹಾಗೇ ಇರಲಿ.

ಕಂಬವಲ್ಲದ, ತಮ್ಮ ವಿಶ್ವಾಸಿ,
ರಾಣಿಯ ಗಂಡ

ತಾ.ಕ.: ತಾವು ಒಂಬತ್ತನೇ ಗುಂಡಿಯಲ್ಲಿ 'ತಪ್ಪದೇ ಸವಿಯಿರಿ' ಎಂದು ಜನರನ್ನು ಅಟ್ಟುವ ಮಿಠಾಯಿ ಅಂಗಡಿ ಹೋದ ವರ್ಷವೇ ಮುಚ್ಚಿತು, ಅಲ್ಲೀಗ ಹಲ್ಲಿನ ಡಾಕ್ಟರಿದ್ದಾರೆ. ಬಾಯಿ ತೆರೆದುಕೊಂಡೇ ಬರುವ ತಮ್ಮ ಶಿಷ್ಯರೆಂದರೆ ಅವರಿಗೆ ಬಲು ಮೆಚ್ಚುಗೆಯಂತೆ. ಒಳ್ಳೆಯ ಮಿಠಾಯಿ ಎಲ್ಲಿ ಸಿಗುತ್ತದೆಂದು ನನಗೆ ಗೊತ್ತು, ಆದರೆ ಕಿವಿ ಖಾಲಿ ಇದ್ದವರಿಗೆ ಮಾತ್ರ ಹೇಳುತ್ತೇನೆ.