ಹೆಂಡತಿ ಹೊಡೆದಿಲ್ಲವೆಂಬ ಸರ್ಟಿಫಿಕೇಟು

ಉದ್ದ ತೋಳಿನ ಅಂಗಿಗಳೆರಡೂ ಒಗೆಯಲು ಬಿದ್ದಿದ್ದರಿಂದ ನೀರು ಸರಬರಾಜು ಕಚೇರಿಯ ದೂರು ಗುಮಾಸ್ತ ಅಂದು ಅರ್ಧ ತೋಳಿನದನ್ನು ತೊಟ್ಟು ಹೋದ. ಎಡವಟ್ಟಾದದ್ದು ಅಲ್ಲೇ. ಶಾಯಿ ಬಾಟಲಿ ಮಗುಚಿದ ಹಾಗೆ ಎರಡೂ ಕೈ ತುಂಬ ನೀಲಿ ಕಲೆಗಳು.

"ಏನ್ರೀ ಇದು?" ಎಂದರು ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕ.

"ಗೊತ್ತಿಲ್ಲಕ್ಕ. ವಾರದಿಂದ ಹೀಗೇ. ಎಲ್ಲೂ ತಗುಲಿಸ್ಕೊಂಡಿಲ್ಲ."

"ಹಾಗಾದ್ರೆ ಯಾರೋ ತಗುಲಿಸಿದಾರೆ. ಮನೇಲಿರೋದು ನೀವಿಬ್ರೇ ಅಲ್ವಾ?"

ಚಹಾದ ಹೊತ್ತಿಗೆ ಸುದ್ದಿಗೆ ಕೈಕಾಲು ಮೂಡಿದವು. ಇರುವೆಯನ್ನೂ ಊದಿ ಪಕ್ಕಕ್ಕೆ ಸರಿಸುವ ಅವನ ಹೆಂಡತಿ, ಸೌಟು ಹಿಡಿದು ಗಂಡನನ್ನು ಅಟ್ಟಾಡಿಸುವ ರಾಕ್ಷಸಿಯಾದಳು. ಬಿಲ್ ವಿಭಾಗದವರು ಒಬ್ಬೊಬ್ಬರಾಗಿ ಬಂದು ಅವನ ತೋಳಿನ ದರ್ಶನ ಮಾಡಿ ಹೋದರು. ಬೆಳಿಗ್ಗೆಯಷ್ಟೇ ಅವಳು ಆ ಕಲೆಗಳಿಗೆ ಎಣ್ಣೆ ಸವರಿ ಕಳಿಸಿದ್ದಳು.

ಅಷ್ಟರಲ್ಲಿ ಸೂಪರಿಂಟೆಂಡೆಂಟರು ಒಳಗೆ ಕರೆಸಿದರು. ಕೆಮ್ಮಿದರೆ ಕಚೇರಿಯೆಲ್ಲ ಎದ್ದು ನಿಲ್ಲುವಂಥ ಮನುಷ್ಯ. ಬಾಗಿಲು ಹಾಕಿದರು, ತಮ್ಮ ಅಂಗಿಯ ತೋಳು ಮಡಚಿ ಒಂದು ಬಾಸುಂಡೆ ತೋರಿಸಿದರು.

"ನಮ್ಮನೆಯವಳು. ಹಾಲಿನ ಪಾತ್ರೇಲಿ," ಎಂದರು ಮೆಲ್ಲಗೆ. "ಇಪ್ಪತ್ತು ವರ್ಷ ಆಯ್ತು. ಯಾರ ಹತ್ರ ಹೇಳ್ಕೊಳ್ಳಲಿ? ಇವತ್ತು ನಿಮ್ಮನ್ನ ನೋಡಿ ಜೊತೆಗೊಬ್ಬ ಸಿಕ್ಕ ಅನ್ನಿಸ್ತು."

"ಸರ್, ನನ್ನ ಹೆಂಡ್ತಿ..."

"ಏನೂ ಹೇಳ್ಬೇಡಿ. ಹದಿನೈದು ದಿನ ರಜೆ ತಗೊಳ್ಳಿ. ಮೊದಲು ಆಸ್ಪತ್ರೆಗೆ ಹೋಗಿ."

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಮಧ್ಯಾಹ್ನ ವರದಿ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು.

"ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಮೇಲಿರ್ಬೇಕು. ನಿಮಗಿರೋದು ಹದಿನೆಂಟು ಸಾವಿರ. ರೋಗಾಣು ಹಿಡೀಬೇಕಾದ ಪ್ರತಿಕಾಯಗಳು ನಿಮ್ಮ ಪ್ಲೇಟ್‌ಲೆಟ್‌ಗೇ ಅಂಟ್ಕೊಂಡು, ಇವು ನಮ್ಮವಲ್ಲ ಅಂತ ಗುರುತು ಹಾಕ್ತಿವೆ. ಗುರುತು ಬಿದ್ದದ್ದನ್ನೆಲ್ಲ ಹೊಟ್ಟೆಯೊಳಗಿನ ಗುಲ್ಮ ನುಂಗಿಹಾಕತ್ತೆ. ಮಾತ್ರೆ ಬರೀತೀನಿ. ಬೀಳ್ಬೇಡಿ, ಪೆಟ್ಟು ಮಾಡ್ಕೋಬೇಡಿ. ತಲೆಗೆ ತಗುಲಿದ್ರೆ ಜೀವಕ್ಕೇ ಅಪಾಯ."

"ಅಂದ್ರೆ ಯಾರೂ ಹೊಡೆದಿದ್ದಲ್ಲ?"

"ಅಲ್ಲ."

"ಅದನ್ನ ಬರೆದು ಕೊಡ್ತೀರಾ, ಮೇಡಂ?"

ಜೀವದ ಮಾತು ಅವನ ಕಿವಿಗೆ ಇಳಿಯಲೇ ಇಲ್ಲ. ಹೆಂಡತಿಯ ಮಾನ ಉಳಿಯಿತೆಂದು ನೇರ ಕಚೇರಿಗೆ ಬಂದು, ಮೇಜುಗಳ ನಡುವೆ ನಿಂತು ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯನ್ನು ಗಟ್ಟಿಯಾಗಿ ಓದಿದ: ಕಲೆಗಳು ಹೊರಗಿನವರ ಪೆಟ್ಟಿನಿಂದಲ್ಲ, ದೇಹದ ಒಳಗಿನ ಪ್ರತಿಕಾಯಗಳಿಂದ.

"ಕೇಳಿಸ್ತಾ ಅಕ್ಕ? ನನ್ನ ಹೆಂಡ್ತಿ ಒಂದು ದಿನಾನೂ ಕೈ ಎತ್ತಿಲ್ಲ. ಹೆಂಡ್ತಿ ಕೈಲಿ ಏಟು ತಿನ್ನೋ ಅಷ್ಟು ಗತಿಗೆಟ್ಟ ಗಂಡಸು ನಾನಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ನಕ್ಕವರು ಒಮ್ಮೆಲೇ ಸುಮ್ಮನಾದರು. ಅವನು ತಿರುಗಿ ನೋಡಿದ. ಸೂಪರಿಂಟೆಂಡೆಂಟರು ಬಾಗಿಲಲ್ಲಿ ನಿಂತಿದ್ದರು, ಅಂಗಿಯ ತೋಳನ್ನು ಮಣಿಕಟ್ಟಿನವರೆಗೂ ಇಳಿಸಿ ಗುಂಡಿ ಭದ್ರವಾಗಿ ಹಾಕಿಕೊಂಡು.

ಅರ್ಧ ಗಂಟೆಯಲ್ಲಿ ಆದೇಶ ಬಂತು. ರಜೆ ರದ್ದು. ನಾಳೆಯಿಂದ ರಸ್ತೆ ಅಗೆದು ಪೈಪು ಹೂಳುವ ತಂಡದ ಜೊತೆ ಕೆಲಸ.

ಅವನು ಆದೇಶ ಹಿಡಿದು ಒಳಗೋಡಿದ. "ಸರ್, ನಂಗೆ ಪೆಟ್ಟಾಗ್ಬಾರ್ದು ಅಂತ ಡಾಕ್ಟರು..."

ಅವರು ಕಡತದಿಂದ ತಲೆಯೆತ್ತಲಿಲ್ಲ.

"ನೀವು ಓದಿದ್ದು ನಂಗೂ ಕೇಳಿಸ್ತು. ನಿಮಗೆ ಹೊಡೀತಿರೋರು ಒಳಗಿನೋರೇ ಅಂತೆ. ಹೊರಗಡೆ ಕೆಲಸಕ್ಕೆ ಏನ್ರೀ ತೊಂದರೆ?"