ಎರಡನೇ ಎಕ್ಸ್‌ಟರ್ನಲ್

ಹೊಸ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು, ಹೂ ಮುಡಿಸಿ, ತೆಂಗಿನಕಾಯಿ ಒಡೆದದ್ದು ಸೋಮವಾರ. ಗುರುವಾರ ಮಧ್ಯಾಹ್ನದೊಳಗೆ ಅದು ಮೂರನೇ ಸಲ ಪ್ರಾಣ ಬಿಟ್ಟಾಗ, ಒಡೆಯಬೇಕಾಗಿದ್ದುದು ತೆಂಗಿನಕಾಯಿಯನ್ನಲ್ಲ ಎಂದು ಕಂಪ್ಯೂಟರ್ ಉಪನ್ಯಾಸಕ ನಂದೀಶನಿಗೆ ಅನ್ನಿಸಿತು.

ದೊಡ್ಡಬಳ್ಳಾಪುರದಿಂದ ಸಾಸಲಿಗೆ ಹೋಗುವ ದಾರಿಯಲ್ಲಿ, ರಾಗಿ ಹೊಲಗಳ ನಡುವೆ ನಿಂತಿರುವ ಖಾಸಗಿ ಪಿಯು ಕಾಲೇಜು ಅದು. ಪ್ರಾಯೋಗಿಕ ಪರೀಕ್ಷೆ ನಿನ್ನೆ ಮುಗಿದಿತ್ತು. ಇವತ್ತು ಸಂಜೆ ಐದರೊಳಗೆ ಅರವತ್ತನಾಲ್ಕು ಮಕ್ಕಳ ಅಂಕಗಳು ಕಂಪ್ಯೂಟರಿನ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು. ಹೋಗದಿದ್ದರೆ ಅಷ್ಟೂ ಮಕ್ಕಳು ಗೈರುಹಾಜರಿ. ಅವರ ಹಿಂದೆಯೇ ನಂದೀಶನೂ ಕಾಲೇಜಿಗೆ ಕಾಯಂ ಗೈರುಹಾಜರಾಗಬೇಕಾದೀತು.

ಕೆಲಸಕ್ಕೆ ಎರಡು ಪರದೆ ಬೇಕು. ಒಂದರ ಮುಂದೆ ಕೂತು ನಂದೀಶ ಅಂಕ ತುಂಬಬೇಕು. ಎದುರಿಗೆ ಇನ್ನೊಂದರಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ನೋಡಿ ಒಪ್ಪಬೇಕು. ಬೆಳಿಗ್ಗೆ ಲ್ಯಾಪ್‌ಟಾಪಿನ ಸ್ವಂತ ಪರದೆ, ಅದಕ್ಕೆ ಹೊರಗಿನಿಂದ ಸಿಕ್ಕಿಸಿದ, ಕಂಪ್ಯೂಟರಿನವರ ಮಾತಿನಲ್ಲಿ 'ಎಕ್ಸ್‌ಟರ್ನಲ್' ಎನ್ನುವ ಹಳೆಯ ಮಾನಿಟರ್ ಒಂದು, ಎರಡರಲ್ಲೂ ಹೇಗೋ ಹನ್ನೆರಡು ಮಕ್ಕಳ ಅಂಕ ಮುಗಿದಿತ್ತು. ಆಮೇಲೆ ಬಂದ ಸಾವಿನಲ್ಲಿ ಸ್ವಂತ ಪರದೆ ಶಾಶ್ವತವಾಗಿ ಕಣ್ಣು ಮುಚ್ಚಿತು. ಸ್ಟೋರಿನಿಂದ ಇನ್ನೊಂದು ಹಳೆಯ ಮಾನಿಟರ್, ಬಿಡಿ ಕೀಬೋರ್ಡ್ ತಂದು ಸಿಕ್ಕಿಸಿದರೆ, ಲ್ಯಾಪ್‌ಟಾಪು ಒಂದನ್ನು ಮಾತ್ರ ಒಪ್ಪಿ, ಎರಡನೆಯದಕ್ಕೆ ಒಲ್ಲದ ಸೊಸೆಯ ಹಾಗೆ ಮುಖ ತಿರುಗಿಸಿತು.

ಪರೀಕ್ಷಕರು ಇಬ್ಬರು. ಕಾಲೇಜಿನವರೆಲ್ಲ ಅವರನ್ನೂ ಕರೆಯುವುದು 'ಎಕ್ಸ್‌ಟರ್ನಲ್' ಎಂದೇ. ನೆಲಮಂಗಲ ಕಡೆಯ ನರಸಿಂಹಯ್ಯನವರು ನಗುಮುಖದವರು. ಬಂದಾಗಿನಿಂದ ಬೋಂಡ ತಟ್ಟೆಯ ಪಕ್ಕದಿಂದ ಅಲುಗಾಡಿರಲಿಲ್ಲ. ಅನುಸೂಯಮ್ಮನವರು ಮಾತ್ರ ಮನೆಯಿಂದಲೇ ನೀರಿನ ಬಾಟಲಿ ತಂದಿದ್ದರು. ಕಾಲೇಜಿನ ಕಾಫಿಯನ್ನೂ ಮುಟ್ಟಿರಲಿಲ್ಲ.

"ಹಿಂಬದಿಗೆ ಎರಡೇಟು ತಟ್ಟಿ ನೋಡಿ ಸಾರ್. ನಮ್ಮನೇ ಟೀವಿ ಹಂಗೇ ದಾರಿಗೆ ಬರ್ತಿದ್ದಿದ್ದು" ಎಂದರು ನರಸಿಂಹಯ್ಯ.

"ದೃಷ್ಟಿ ಆಗದೆ ಕಣಪ್ಪ. ಅಷ್ಟು ಜನದ ಮುಂದೆ ಪೂಜೆ ಮಾಡುದ್ರೆ ಇನ್ನೇನಾಯ್ತದೆ?" ಎಂದಳು ಕಾಲೇಜಿನ ಆಯಾ ಪಿಳ್ಳಮ್ಮ. ಹೇಳಿ ಸುಮ್ಮನಿರದೆ ಒಣಮೆಣಸಿನಕಾಯಿ ಇಳಿತೆಗೆದು, ಒಲೆಗೆ ಹಾಕಿ, ಎಲ್ಲರನ್ನೂ ಕೆಮ್ಮಿಸಿದಳು.

ಲ್ಯಾಪ್‌ಟಾಪ್ ಕಂಪನಿಯ ಸಹಾಯವಾಣಿ ನಲವತ್ತು ನಿಮಿಷ ಸಂಗೀತ ಕೇಳಿಸಿ ಫೋನ್ ಇಟ್ಟಿತು. ಆಫ್ ಮಾಡಿ ಆನ್ ಮಾಡಿದರೆ 'ದಯವಿಟ್ಟು ಕಾಯಿರಿ, ಶೇಕಡ ಮೂವತ್ತು' ಎಂದು ಊಟದ ಹೊತ್ತನ್ನೆಲ್ಲ ನುಂಗಿತು. ಅನುಸೂಯಮ್ಮ ಗಡಿಯಾರ ನೋಡಿದರು, ನಂದೀಶನನ್ನು ನೋಡಿದರು. ಬೈದಿದ್ದರೇ ವಾಸಿಯಿತ್ತು.

ಮೂರು ಗಂಟೆಗೆ ಕಾರ್ಯದರ್ಶಿ ಅಪ್ಪಯ್ಯಣ್ಣನವರ ಫೋನು. ಲ್ಯಾಪ್‌ಟಾಪನ್ನು ಕೊಡಿಸಿದ ಪುಣ್ಯಾತ್ಮರು ಅವರೇ. ದ್ರಾಕ್ಷಿ ತೋಟದಲ್ಲಿದ್ದರು, ಹಿಂದೆ ಪಂಪಿನ ಸದ್ದು.

"ಏನ್ ಮೇಷ್ಟ್ರೇ, ಅಂಕ ಎಲ್ಲಾ ಹೋಯ್ತಾ?"

"ಎಲ್ಲಿ ಸಾರ್! ಒಂದು ಎಕ್ಸ್‌ಟರ್ನಲ್‌ದು ತೊಂದ್ರೆಯಿಲ್ಲ. ಎರಡನೇ ಎಕ್ಸ್‌ಟರ್ನಲ್ ತಗೊಳ್ತಾನೇ ಇಲ್ಲ."

ಆ ಕಡೆ ಪಂಪಿನ ಸದ್ದು ದೂರವಾಯಿತು, ಅಪ್ಪಯ್ಯಣ್ಣನವರ ದನಿ ತಗ್ಗಿತು.

"ತಗೊಳ್ತಾ ಇಲ್ವಾ? ಸರಿಯಾಗಿ ಕೊಟ್ಟು ನೋಡುದ್ರಾ?"

"ನಾಲ್ಕು ಸಲ ಕೊಟ್ಟೆ ಸಾರ್. ಹಿಂದಿಂದ ಕೊಟ್ಟೆ, ಪಕ್ಕದಿಂದನೂ ಕೊಟ್ಟೆ. ಕೊಟ್ಟ ತಕ್ಷಣ ಕಪ್ಪಗಾಗ್ಬಿಡ್ತದೆ."

"ಅಷ್ಟು ಸಿಟ್ಟಾ? ಈಗ ಎಷ್ಟಕ್ಕೆ ನಿಂತದೆ?"

"ಹನ್ನೆರಡಕ್ಕೆ ನಿಂತದೆ ಸಾರ್. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ."

"ಹನ್ನೆರಡಾ!" ಅಪ್ಪಯ್ಯಣ್ಣ ಉಸಿರೆಳೆದುಕೊಂಡರು. "ಆಗ್ಲಿ. ಮಕ್ಕಳ ಭವಿಷ್ಯ ದೊಡ್ಡದು. ನೀವೇನೂ ಮಾತಾಡ್ಬೇಡಿ, ನಾನೇ ತಗೊಂಡು ಬರ್ತೀನಿ."

ಬೇರೆ ಲ್ಯಾಪ್‌ಟಾಪ್ ತರುತ್ತಾರೆ ಎಂದುಕೊಂಡ ನಂದೀಶನ ಕಣ್ಣು ತುಂಬಿ ಬಂತು. "ನೀವು ದೇವರು ಸಾರ್" ಎಂದ.

ನಾಲ್ಕೂಕಾಲು. ದೇವರ ಸುಳಿವಿಲ್ಲ. ನಂದೀಶ ಮೇಜಿನ ಕೆಳಗೆ ನುಗ್ಗಿ, ವೈರುಗಳ ನಡುವೆ ಕೂತು, ಐದನೇ ಸಲ ಸಿಕ್ಕಿಸುತ್ತಿದ್ದ. ಅಲ್ಲಿಂದ ಅವನಿಗೆ ಕಾಣುತ್ತಿದ್ದುದು ಕಾಲುಗಳು ಮಾತ್ರ. ಬಾಗಿಲಲ್ಲಿ ಬಿಳಿ ಪಂಚೆ ಕಾಣಿಸಿತು. ಅಪ್ಪಯ್ಯಣ್ಣ! ಅವರ ಕೈಯಿಂದ ದ್ರಾಕ್ಷಿಯ ಬುಟ್ಟಿಯೊಂದು ನೆಲಕ್ಕಿಳಿಯಿತು. ಗೊಂಚಲುಗಳ ನಡುವೆ ದಪ್ಪನೆಯ ಕವರು. ಲ್ಯಾಪ್‌ಟಾಪ್ ಎಲ್ಲೂ ಕಾಣಲಿಲ್ಲ.

"ಅಮ್ಮಾ, ಹನ್ನೆರಡು ಸಾವಿರಾನೂ ಅದರಲ್ಲೇ ಅದೆ. ಬೇಡ ಅನ್ಬಾರ್ದು" ಎಂದರು ಅಪ್ಪಯ್ಯಣ್ಣ.

"ಏನಿದು?" ಅನುಸೂಯಮ್ಮನವರ ದನಿ.

"ಮೇಷ್ಟ್ರು ಫೋನಲ್ಲಿ ಎಲ್ಲಾ ಹೇಳುದ್ರು. ನಾಲ್ಕು ಸಲ ಕೊಟ್ರೂ ಮುಖ ಕಪ್ಪಗೆ ಮಾಡ್ಕೊಂಡ್ರಂತೆ. ಇನ್ನೊಬ್ರದು ತೊಂದ್ರೆನೇ ಇಲ್ವಂತೆ. ನಿಮ್ಗೂ ಹಠ ಯಾಕಮ್ಮ?"

ನರಸಿಂಹಯ್ಯನವರ ಕೈಯಿಂದ ಬೋಂಡ ಉರುಳಿ ನಂದೀಶನ ಮುಂದೆ ಬಂದು ನಿಂತಿತು. "ಬೋಂಡ ಬಿಟ್ರೆ ಇನ್ನೇನೂ ತಗೊಂಡಿಲ್ಲ ಮೇಡಂ! ಮಕ್ಕಳಾಣೆ!"

"ಮೂವತ್ತು ವರ್ಷದ ಸರ್ವೀಸಲ್ಲಿ ಒಂದು ಬಾಳೆಹಣ್ಣು ತಗೊಂಡೋಳಲ್ಲ ನಾನು!" ಎಂದು ಅನುಸೂಯಮ್ಮ ಎದ್ದು ನಿಂತರು.

ಇದನ್ನೆಲ್ಲ ನೋಡಲಾರದೆ ಪಿಳ್ಳಮ್ಮ ಕಾಫಿ ತಟ್ಟೆ ಇಡಲು ಜಾಗ ಹುಡುಕಿದಳು. "ಸತ್ತಿರೋದನ್ನ ಬಾಯ್ಬಿಟ್ಕೊಂಡು ಯಾಕೆ ಮಡಗಿದ್ದೀರಾ?" ಎಂದು ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿ, ಅದರ ಮೇಲೆ ತಟ್ಟೆ ಇಟ್ಟಳು. ಪರದೆ ಸತ್ತಿದ್ದರೂ ಮುಚ್ಚಳ ಹಾಕಿಸಿಕೊಂಡ ಮೇಲೆ ಮಾತ್ರ ಆ ಲ್ಯಾಪ್‌ಟಾಪು ಹೊರಗೆ ಎರಡು ಕಣ್ಣು ತೆರೆಯುವ ಜಾತಿಯದು. ಎರಡನೇ ಮಾನಿಟರ್ ಝಗ್ ಎಂದು ಹೊತ್ತಿಕೊಂಡಿತು.

ಅದರ ಬೆಳಕು ನೆಲದ ಮೇಲೆ ಬಿದ್ದದ್ದೇ ತಡ, ಮೇಲಿನ ಜಗಳ ಮರೆತು ನಂದೀಶ ಮೇಜಿನ ಕೆಳಗಿನಿಂದ ಕೂಗಿದ: "ತಗೊಂತು ಸಾರ್! ಎರಡನೇ ಎಕ್ಸ್‌ಟರ್ನಲ್ಲೂ ತಗೊಂತು!"

ತಲೆ ಎತ್ತುವಾಗ ಮೇಜಿಗೆ ಬಡಿದುಕೊಂಡ. ಈಚೆ ಬಂದಾಗ ಅನುಸೂಯಮ್ಮ ಕವರನ್ನೂ ಅವನನ್ನೂ ನೋಡುತ್ತಿದ್ದರು.

"ಮೇಡಂ, ಎಕ್ಸ್‌ಟರ್ನಲ್ ಅಂದ್ರೆ ನೀವಲ್ಲ, ಮಾನಿಟರ್! ನಾನು ಮಾನಿಟರ್‌ಗೆ ಕೊಟ್ಟಿದ್ದು!"

"ಮಾನಿಟರ್ ಅಂದ್ರೆ ಕ್ಲಾಸ್ ಲೀಡರ್ ಅಲ್ವೇನಯ್ಯ?" ಅಪ್ಪಯ್ಯಣ್ಣ ಹಣೆ ಚಚ್ಚಿಕೊಂಡರು. "ಇಂಥದ್ದನ್ನ ಮಕ್ಕಳ ಕೈಲಾ ಕೊಡ್ಸೋದು? ಥೂ!"

ಅನುಸೂಯಮ್ಮ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಕುರ್ಚಿ ಎಳೆದುಕೊಂಡು ಎರಡನೇ ಪರದೆಯ ಮುಂದೆ ಕೂತರು. "ಹದಿಮೂರನೇ ನಂಬರ್. ಓದಿ."

ಆ ಬಿಗಿ ದನಿಯಲ್ಲೂ ನಂದೀಶನಿಗೆ ಕರುಣೆ ಕೇಳಿಸಿತು. ಓದಿದ, ತುಂಬಿದ, ಅವರು ನೋಡಿ ಒಪ್ಪಿದರು. ಲ್ಯಾಪ್‌ಟಾಪು ಕಾಫಿ ತಟ್ಟೆ ಹೊತ್ತುಕೊಂಡೇ ಬಂಡಿಯೆತ್ತಿನ ಹಾಗೆ ನಡೆಯಿತು. ಮೂವತ್ತು, ನಲವತ್ತೈದು, ಅರವತ್ತು. ಅರವತ್ತನಾಲ್ಕನೇ ಹುಡುಗಿಯ ಅಂಕ ಮುಗಿದಾಗ ಐದಕ್ಕೆ ಇನ್ನೂ ಆರು ನಿಮಿಷ ಉಳಿದಿತ್ತು. ನಂದೀಶ ಬೆಳಿಗ್ಗೆಯಿಂದ ಮೊದಲ ಸಲ ಉಸಿರು ಬಿಟ್ಟ.

"ಕೀಬೋರ್ಡ್ ಈ ಕಡೆ ಕೊಡಿ" ಎಂದರು ಅನುಸೂಯಮ್ಮ.

ಕೊನೆಯಲ್ಲಿ ಪರೀಕ್ಷಕರ ಷರಾ ಬರೆಯಲು ಒಂದು ಖಾನೆಯಿತ್ತು. ಅವರು ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಕುಟ್ಟತೊಡಗಿದರು. ಕುಟ್ಟಿದ್ದೆಲ್ಲ ನಂದೀಶನ ಪರದೆಯಲ್ಲೂ ಮೂಡುತ್ತಾ ಹೋಯಿತು: 'ಪರೀಕ್ಷಕರಿಗೆ ಆಮಿಷ ಒಡ್ಡಲಾಗಿದೆ. ಉಪನ್ಯಾಸಕ ನಂದೀಶ್ ಒಪ್ಪಿಕೊಂಡಿದ್ದಾರೆ. ಈ ಕಾಲೇಜಿನ ಎಲ್ಲ ಅಂಕಗಳನ್ನೂ ತಡೆಹಿಡಿಯುವುದು.'

ಬೆಳಿಗ್ಗೆಯಿಂದ ಸಾಯಬೇಡ ಎಂದು ಬೇಡಿಕೊಂಡಿದ್ದ ಲ್ಯಾಪ್‌ಟಾಪಿಗೆ ನಂದೀಶ ಈಗ ಮೇಜಿನ ಕೆಳಗೆ ಕೈ ಮುಗಿದ. ಒಂದೇ ಒಂದು ಸಲ ಸಾಯಪ್ಪ. ಹ್ಯಾಂಗಾಗು, ಕಪ್ಪಗಾಗು, ಏನಾದ್ರೂ ಆಗು. ಕಾಲ್ಬೆರಳಲ್ಲಿ ಅದರ ಕರೆಂಟಿನ ವೈರನ್ನೂ ಎಳೆದ. ಬ್ಯಾಟರಿ ತುಂಬಿತ್ತು.

ಅನುಸೂಯಮ್ಮ ಗುಂಡಿ ಒತ್ತಿದರು. 'ಯಶಸ್ವಿಯಾಗಿ ಸಲ್ಲಿಕೆಯಾಗಿದೆ' ಎಂಬ ಹಸಿರು ಸಾಲು ಎರಡೂ ಪರದೆಗಳಲ್ಲಿ ಒಟ್ಟಿಗೇ ಬೆಳಗಿತು.

ದೂರದಲ್ಲಿ ನಿಂತು, ಕನ್ನಡಕವಿಲ್ಲದ ಕಣ್ಣಿಗೆ ಹಸಿರು ಬಣ್ಣ ಮಾತ್ರ ಕಂಡ ಅಪ್ಪಯ್ಯಣ್ಣ ಬಂದು ನಂದೀಶನ ಬೆನ್ನು ತಟ್ಟಿದರು.

"ನಾನು ಕೊಡ್ಸಿದ ಲ್ಯಾಪ್‌ಟಾಪನ್ನ ಸುಮ್ಸುಮ್ನೆ ಬೈತಿದ್ರಲ್ಲ ಮೇಷ್ಟ್ರೇ, ನೋಡಿ, ಎಷ್ಟು ಚೆನ್ನಾಗಿ ಕೆಲಸ ಮಾಡ್ತದೆ!"