ಪ್ಲಮ್ ಮರ ಮತ್ತು ರೆಕ್ಕೆಗಳ ಕುರಿತು ಸಮಿತಿಯ ತೀರ್ಮಾನ

ಶ್ಲಿವಾರ್ ವಿಮಾನ ಸಂಘದ ಏಕೈಕ ವಿಮಾನವು ಈ ವರ್ಷ ಒಂಬತ್ತು ಬಾರಿ ಅಪಘಾತಕ್ಕೀಡಾಗಿದ್ದು, ಒಂಬತ್ತೂ ಬಾರಿ ಅದು ನೆಲದ ಮೇಲೆಯೇ ಇತ್ತು ಎಂದು ಸಂಘದ ಕಾರ್ಯದರ್ಶಿಯಾದ ನಾನು ಈ ಮೂಲಕ ದೃಢೀಕರಿಸುತ್ತೇನೆ. ಶೆಡ್ಡಿನಿಂದ ರನ್‌ವೇಗೆ ಉರುಳಿಕೊಂಡು ಹೋಗುವ ದಾರಿಯಲ್ಲಿ ಒಂದು ಪ್ಲಮ್ ಮರವಿದೆ. ಬಲರೆಕ್ಕೆ ಅದಕ್ಕೆ ಬಡಿಯುತ್ತದೆ. ಎಡಕ್ಕೆ ಸರಿದರೆ ಎಡರೆಕ್ಕೆ ಬೇಲಿಗೆ ಬಡಿಯುತ್ತದೆ. ನಡುವೆ ಹೋದರೆ ಎರಡೂ ಬಡಿಯುತ್ತವೆ.

ಮರ ಕಡಿಯಬಾರದೇ ಎಂದು ಹೊರಗಿನವರು ಕೇಳುತ್ತಾರೆ. ಸಂಘ ರಾಕಿಯಾ ಎಂಬ ಮದ್ಯ ಬಟ್ಟಿ ಇಳಿಸುವುದು ಅದರ ಹಣ್ಣಿನಿಂದ. ಅಪಘಾತದ ತನಿಖೆಗೆ ಬರುವ ಸಮಿತಿಗೆ ಕುಡಿಸುವುದೂ ಅದನ್ನೇ. ಮರ ಕಡಿದರೆ ಸಮಿತಿಯ ಮುಂದೆ ಏನಿಡುವುದು?

ಇದರಿಂದ ಕಷ್ಟಕ್ಕೆ ಸಿಕ್ಕಿದವರು ವಿದೊಸಾವಾ ಟೀಚರ್ ಒಬ್ಬರೇ. ನಲವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ಹಲಗೆಯ ಮೇಲೆ ಸಾವಿರ ಸಲ ಬರೆದ ಮೊರಾವಾ ನದಿಯನ್ನು ಒಮ್ಮೆ ಮೇಲಿನಿಂದ ನೋಡಬೇಕೆಂಬುದು ಅವರ ಆಸೆ. ಎರಡು ವರ್ಷದಿಂದ ವಿಮಾನ ಹಾರಿಸಲು ಕಲಿಯುತ್ತಿದ್ದರೂ ಇನ್ನೂ ಮರ ದಾಟಿರಲಿಲ್ಲ. ಹಾರಾಟದ ಪರೀಕ್ಷೆಗೆ ಕೂರಲು ಬೇಕಾದ ಅವರ ವೈದ್ಯಕೀಯ ಪತ್ರದ ಅವಧಿ ಸೆಪ್ಟೆಂಬರ್ ಮೂವತ್ತಕ್ಕೆ ಮುಗಿಯುತ್ತಿತ್ತು. ಈ ವಯಸ್ಸಿಗೆ ಇನ್ನೊಂದು ಕೊಡುವುದಿಲ್ಲವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಒಂಬತ್ತನೇ ಅಪಘಾತದ ನಂತರ ಸಮಿತಿ ಬಂದು ಮರದ ನೆರಳಲ್ಲಿ ಕುಳಿತಿತು. ಅಧ್ಯಕ್ಷ ಗ್ರಾದಿಮಿರ್ ಟೀಚರ ಹಳೆಯ ಶಿಷ್ಯ. ಮೂರನೇ ಲೋಟ ಕೆಳಗಿಟ್ಟು ವಿಚಾರಣೆ ಶುರು ಮಾಡಿದ.

"ಮರ ಜಾಗ ಬಿಟ್ಟು ಕದಲಿತ್ತಾ?"

"ಇಲ್ಲ," ಎಂದ ಮೆಕ್ಯಾನಿಕ್ ಝಿವಾದಿನ್.

"ಮತ್ತೆ ಕದಲಿದ್ದು ಯಾವುದಪ್ಪಾ?"

"ವಿಮಾನ."

"ಮರದ್ದೇನೂ ತಪ್ಪಿಲ್ಲ ಅಂತ ಬರ್ಕೊಳ್ಳಿ. ಈ ಸಲದ ರಾಕಿಯಾ ಭಾಳ ಚೆನ್ನಾಗಿದೆ, ಅದನ್ನ ಬರ್ಕೋಬೇಡಿ."

ಒಂಬತ್ತೂ ಅಪಘಾತಗಳಿಗೆ ರೆಕ್ಕೆಗಳೇ ಕಾರಣವೆಂದು ಸಾಬೀತಾಯಿತು. ಆದ್ದರಿಂದ ನಿಯಮ ೧೪(ಬಿ) ಜಾರಿಗೆ ಬಂತು: ನೆಲದ ಮೇಲೆ ಚಲಿಸುವ ಯಾವುದೇ ವಿಮಾನವು ರೆಕ್ಕೆ ಹೊಂದಿರತಕ್ಕದ್ದಲ್ಲ. ರೆಕ್ಕೆಗಳನ್ನು ರನ್‌ವೇಯಲ್ಲಿ ಮೆಕ್ಯಾನಿಕ್ ಜೋಡಿಸಿ, ಅಲ್ಲಿಯೇ ಮೊಹರು ಒತ್ತತಕ್ಕದ್ದು. ಮೊಹರು ಕಚೇರಿಯಿಂದ ಹೊರಗೆ ಹೋಗತಕ್ಕದ್ದಲ್ಲವೆಂಬ ನಿಯಮ ೯ ಮೊದಲೇ ಇತ್ತು. ಎರಡನ್ನೂ ನಾವು ಚಾಚೂ ತಪ್ಪದೆ ಪಾಲಿಸಿದೆವು; ರೆಕ್ಕೆಗಳು ಶೆಡ್ಡಿನಲ್ಲೇ ಉಳಿದವು.

"ರೆಕ್ಕೆ ಇಲ್ದೆ ಹೇಗೋ ಹಾರೋದು, ಗ್ರಾದಿಮಿರ್?" ಎಂದರು ಟೀಚರ್.

"ಹಾರೋದು ಬೇರೆ, ಪರೀಕ್ಷೆ ಕೊಡೋದು ಬೇರೆ ಟೀಚರ್. ನೀವು ಹತ್ತಿ ಕೂತ್ಕೊಳ್ಳಿ."

ಸೆಪ್ಟೆಂಬರ್ ಮೂವತ್ತರಂದು ಅವರು ಹತ್ತಿ ಕುಳಿತರು. ರೆಕ್ಕೆಯಿಲ್ಲದ ವಿಮಾನ ಮರ ದಾಟಿತು. ಎರಡು ವರ್ಷದಲ್ಲಿ ಮೊದಲ ಸಲ ದಾಟಿದ್ದು, ನಮಗೆಲ್ಲ ಕಣ್ಣು ತುಂಬಿ ಬಂತು. ರನ್‌ವೇಯ ಆ ತುದಿ ಮುಟ್ಟಿ ಹಿಂದಿರುಗಿದಾಗ ಗ್ರಾದಿಮಿರ್ ನಮೂನೆ ತುಂಬುತ್ತಿದ್ದ. ಆರನೇ ಕಲಮು: ತಲುಪಿದ ಎತ್ತರ, ಕನಿಷ್ಠ ನೂರು ಮೀಟರು.

"ಸೊನ್ನೆ ಅಂತ ಬರಿ," ಎಂದರು ಟೀಚರ್. "ನಾನು ಸುಳ್ಳು ಹೇಳೋಳಲ್ಲ."

"ಈ ಮೈದಾನ ಎಷ್ಟು ಎತ್ತರದಲ್ಲಿದೆ ಟೀಚರ್?"

"ನೂರ ಮೂವತ್ತೆಂಟು ಮೀಟರು."

"ಎಲ್ಲಿಂದ ಅಳೆದು?"

ಏಳನೇ ತರಗತಿಯಲ್ಲಿ ಇದೇ ಪ್ರಶ್ನೆಗೆ ಉತ್ತರ ಬಾರದೆ ಗ್ರಾದಿಮಿರ್ ಟೀಚರಿಂದ ಕಿವಿ ಹಿಂಡಿಸಿಕೊಂಡಿದ್ದ.

"ಸಮುದ್ರ ಮಟ್ಟದಿಂದ," ಎಂದರು ಟೀಚರ್ ಮೆಲ್ಲಗೆ.

"ನೂರ ಮೂವತ್ತೆಂಟು ಅಂತ ಬರೀತೀನಿ. ಬೇಕಾದ್ದಕ್ಕಿಂತ ಜಾಸ್ತೀನೇ ಹಾರಿದಾರೆ."

ಅವರ ಮುಖ ನೋಡಿ ನನಗೆ ಪಾಪ ಅನಿಸಿತು. ಆದರೆ ಲೆಕ್ಕ ಸರಿಯಾಗಿತ್ತು. ಹಾಗೆಂದು ಅವರೇ ಸಹಿ ಹಾಕಿದರು. ಮೊದಲ ಸಲ ಒಬ್ಬರೇ ಹಾರಿ ಬಂದವರ ಹಿಂಬದಿಗೆ ಸಂಘದವರೆಲ್ಲ ಒಂದೊಂದು ಏಟು ಕೊಡುವುದು ನಮ್ಮ ಪದ್ಧತಿ. ಸದಸ್ಯರೆಲ್ಲ ಅವರ ಹಳೆಯ ವಿದ್ಯಾರ್ಥಿಗಳೇ ಆದ್ದರಿಂದ ಅಂದು ಒಬ್ಬನೂ ಗೈರುಹಾಜರಾಗಿರಲಿಲ್ಲ.

ಆಮೇಲೆ ಒಂದೂ ಅಪಘಾತವಾಗಿಲ್ಲ. ಸುರಕ್ಷತೆಗಾಗಿ ನಮಗೆ ಪ್ರಶಸ್ತಿ ಫಲಕ ಬಂದಿದೆ. ರೆಕ್ಕೆಗಳ ಮೇಲೆ ಪ್ಲಮ್ ಒಣಗಿಸುತ್ತೇವೆ. ಟೀಚರ್ ನಲವತ್ತೊಂದು ಗಂಟೆ ಹಾರಾಟ ಪೂರೈಸಿದ್ದು, ಈಗ ಹೊಸಬರಿಗೆ ಕಲಿಸುತ್ತಾರೆ. ಮೊರಾವಾ ನೋಡಬೇಕೆನಿಸಿದಾಗ ಬಸ್ಸಿನಲ್ಲಿ ಹೋಗಿ ಸೇತುವೆಯ ಮೇಲೆ ನಿಂತು ಬರುತ್ತಾರೆ.